ಜೊಳ್ಳು ತೂರಲು ಕೈಜೋಡಿಸಿದವರಿಗೆ

ಗರ್ಭಕಂಠದ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು, ಪಕ್ಕದ ಸಹಜ ಕೋಶವನ್ನು ಮುಟ್ಟದೆ ಬಿಡುವ ಪೆಪ್ಟೈಡ್‌ಗಳ (ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳ) ಹುಡುಕಾಟದಲ್ಲಿ ಮೊದಲ ಹಂತ ಮುಗಿದಿದೆ. ಆಯ್ದ ಸರಣಿಗಳು ತಯಾರಿಗೆ ಹೋಗಿವೆ. ಹೆಗಲು ಕೊಟ್ಟವರನ್ನು ನೆನೆಯದೆ ಮುಂದಡಿ ಇಡಲು ನಮಗೆ ಮನಸ್ಸಿಲ್ಲ.

ಮೊದಲ ನಮನ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಹೆಬ್ಬೆಟ್ಟೊತ್ತಿ ಅಂಗಾಂಶ ಕೊಟ್ಟ ತಾಯಂದಿರಿಗೆ. ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡು ಸಹಜ ಅಂಗಾಂಶ ಕೊಟ್ಟವರ ಋಣ ಇನ್ನೂ ಒಂದು ತೂಕ ಹೆಚ್ಚೇ. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕುವ ವೈರಸ್; ಒಂದೊಂದೂ ತನ್ನ ತುದಿಯಲ್ಲಿ ಒಂದೊಂದು ಬಗೆಯ ಪೆಪ್ಟೈಡ್ ಹೊತ್ತ ಫೇಜ್‌ಗಳ ಸಂಗ್ರಹವೇ ಫೇಜ್ ಲೈಬ್ರರಿ. ಅದರಲ್ಲಿ ಸುಮಾರು 100 ಕೋಟಿ ಬಗೆಯ ಪೆಪ್ಟೈಡ್‌ಗಳಿರುತ್ತವೆ. ಅದನ್ನು ನೇರವಾಗಿ ಕ್ಯಾನ್ಸರ್ ಕೋಶಗಳ ಮೇಲೆ ಸುರಿದರೆ, ಎಲ್ಲ ಕೋಶಗಳ ಮೈಮೇಲೂ ಇರುವ ಪ್ರೋಟೀನಿಗೆ ಅಂಟುವಂಥವೇ ತುಂಬಿಕೊಳ್ಳುತ್ತವೆ. ಅದಕ್ಕೇ ಮೊದಲು ಸಹಜ ಕೋಶಗಳ ಮೇಲೆ ಬಿಟ್ಟು, ಅಂಟದೆ ಉಳಿದದ್ದನ್ನು ಮಾತ್ರ ಮುಂದಕ್ಕೆ ಒಯ್ಯಬೇಕು. ಇಡೀ ಕೆಲಸದ ಜೀವಾಳ ಈ ತೂರುವಿಕೆಯಲ್ಲೇ ಇದೆ.

ಆಪರೇಷನ್ ಥಿಯೇಟರಿನ ಸಿಸ್ಟರ್‌ಗಳಿಗೆ ಕೈಮುಗಿಯುತ್ತೇವೆ. ರೂಢಿಯಂತೆ ಇಡೀ ತುಂಡನ್ನು ಫಾರ್ಮಲಿನ್ ಬಾಟಲಿಗೆ ಹಾಕಿದ್ದರೆ ಕೋಶಗಳು ಸತ್ತು ನಮಗೆ ಕೈಗೆ ಸಿಗುತ್ತಿರಲಿಲ್ಲ. ರೋಗಪರೀಕ್ಷೆಗೆ ಬೇಕಾದದ್ದು ಫಾರ್ಮಲಿನ್‌ಗೆ, ಮಿಕ್ಕ ಚೂರು ಐಸ್ ಮೇಲಿದ್ದ ತಣ್ಣನೆಯ ಮೀಡಿಯಂಗೆ (ಕೋಶಗಳನ್ನು ಜೀವಂತವಿಡುವ ದ್ರವಕ್ಕೆ) ಎಂಬುದನ್ನು ಅವರು ಒಮ್ಮೆಯೂ ತಪ್ಪಿಸಲಿಲ್ಲ.

ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಸುವ ಗರ್ಭಕಂಠದ ಕ್ಯಾನ್ಸರಿನ ಹೀಲಾ ಕೋಶಗಳ ಮೂಲವಾದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರನ್ನೂ ನೆನೆಯುತ್ತೇವೆ. 1951ರಲ್ಲಿ ಬಾಲ್ಟಿಮೋರ್‌ನಲ್ಲಿ ಅವರ ಗಡ್ಡೆಯ ಚೂರನ್ನು ಕೇಳದೆಯೇ ಇಟ್ಟುಕೊಳ್ಳಲಾಗಿತ್ತು. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ 18ನೇ ಬಗೆ ಇರುವ ಆ ಕೋಶಗಳ ಜೊತೆ ಎಚ್‌ಪಿವಿ 16ರ ಸೀಹಾ, ವೈರಸ್ಸೇ ಇಲ್ಲದ ಸಿ33ಎ ಕೋಶಗಳನ್ನೂ ಇಟ್ಟು ನೋಡದಿದ್ದರೆ ಒಂದೇ ಕೋಶದ ವಿಶೇಷವನ್ನು ರೋಗದ ಲಕ್ಷಣವೆಂದು ನಂಬಿಬಿಡುವ ಅಪಾಯವಿದೆ.

ಮೀಡಿಯಾ ರೂಮಿನ ಸಿಬ್ಬಂದಿಗೆ ಎಷ್ಟು ಹೇಳಿದರೂ ಕಡಿಮೆ. ಅಂಟಿದ ಫೇಜ್‌ಗಳನ್ನು ಬಿಡಿಸುವ ಗ್ಲೈಸಿನ್ ದ್ರಾವಣದ ಪಿಎಚ್ 2.2. 10 ನಿಮಿಷದೊಳಗೆ ಟ್ರಿಸ್ ಎಂಬ ಕ್ಷಾರ ದ್ರಾವಣ ಹಾಕಿ ಆಮ್ಲ ತಣಿಸದಿದ್ದರೆ ಫೇಜ್‌ಗಳ ಸೋಂಕುವ ಶಕ್ತಿಯೇ ಕುಂದುತ್ತದೆ. ಆ ಎರಡೂ ಬಾಟಲಿ ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕ ಸಿದ್ಧವಿರುತ್ತಿದ್ದವು. ಎಕ್ಸ್‌-ಗಾಲ್ ಎಂಬ, ನೀಲಿ ಬಣ್ಣ ಹೊಮ್ಮಿಸುವ ರಾಸಾಯನಿಕವಿರುವ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ನಮ್ಮ ಲೈಬ್ರರಿಯ ಫೇಜ್ ಸಾಸಿವೆಕಾಳಿನಂಥ ನೀಲಿ ಚುಕ್ಕೆಯಾಗಿ ಕಾಣುತ್ತದೆ. ನಡುವೆ ಬಣ್ಣವಿಲ್ಲದ, ಅಗಲವಾದ ಚುಕ್ಕೆ ಕಂಡರೆ ಹೊರಗಿನ ಫೇಜ್ ನುಸುಳಿದೆ ಎಂದರ್ಥ. ಅಂಥ ನುಸುಳುವಿಕೆ ತಡೆಯುವ, ಪಿಪೆಟ್ಟಿನ ಫಿಲ್ಟರ್ ಟಿಪ್‌ಗಳನ್ನು ಮುಗಿಯಗೊಡದೆ ಕಾಯ್ದ ಸ್ಟೋರಿನವರಿಂದಲೇ ಪ್ಲೇಟುಗಳು ನೀಲಿಯಾಗಿ ಉಳಿದವು.

ಬಿಡಿಸಿದ ಫೇಜ್‌ಗಳನ್ನು ಮುಂದಿನ ಸುತ್ತಿಗಾಗಿ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿಸುವಾಗ ನಾಲ್ಕೂವರೆ ಗಂಟೆಗೆ ನಿಲ್ಲಿಸಲು ಮಧ್ಯರಾತ್ರಿಯಲ್ಲೂ ಬಂದ ವಿದ್ಯಾರ್ಥಿಗಳಿಗೆ ಧನ್ಯವಾದ. ಬೆಳಗಿನವರೆಗೆ ಬಿಟ್ಟರೆ ಚೆನ್ನಾಗಿ ಅಂಟುವವು ಹಿಂದೆ ಬಿದ್ದು, ಬೇಗ ಬೆಳೆಯುವವು ಗೆಲ್ಲುತ್ತವೆ. ಎಚ್‌ಎಐವೈಪಿಆರ್‌ಎಚ್ (ಒಂದೊಂದು ಅಕ್ಷರವೂ ಒಂದೊಂದು ಅಮೈನೋ ಆಮ್ಲ) ಎಂಬ ಪೆಪ್ಟೈಡ್ ಸರಣಿ ಹೀಗೆಯೇ ಎಷ್ಟೋ ಪ್ರಯೋಗಾಲಯಗಳನ್ನು ದಾರಿ ತಪ್ಪಿಸಿದೆ. ಇಂಥವನ್ನೂ ಪ್ಲಾಸ್ಟಿಕ್‌ಗೆ ಅಂಟುವಂಥವನ್ನೂ ಪಟ್ಟಿಮಾಡಿ ಎಲ್ಲರಿಗೂ ತೆರೆದಿಟ್ಟ ಸಂಶೋಧಕರಿಗೆ ನಾವು ಚಿರಋಣಿಗಳು.

ಫೇಜ್ ತುದಿಯಲ್ಲಿ ಒಂದೇ ಪೆಪ್ಟೈಡಿನ ಐದು ಪ್ರತಿಗಳಿರುತ್ತವೆ. ಐದು ಕೈ ಸೇರಿ ಹಿಡಿದದ್ದನ್ನು ಬಿಡಿ ಪೆಪ್ಟೈಡ್ ಹಿಡಿಯದೆಯೂ ಹೋಗಬಹುದು. ಹಾಗಾಗಿ ಅದೇ ಅಮೈನೋ ಆಮ್ಲಗಳನ್ನು ಕಲಸಿ ಜೋಡಿಸಿದ ಇನ್ನೊಂದು ಸರಣಿಯೊಡನೆ ಹೋಲಿಸಿಯೇ ಮುಂದಿನ ಮಾತು. ಅಲ್ಲಿಂದಾಚೆ ಪೆಪ್ಟೈಡಿಗೆ ಕಟ್ಟಿ ಸ್ಕ್ಯಾನ್ ಪರೀಕ್ಷೆಗೆ ಬಳಸುವ, ವಿಕಿರಣ ಸೂಸುವ ಗ್ಯಾಲಿಯಂ-68ರ ಅರ್ಧಾಯುಷ್ಯ ಬರೀ 68 ನಿಮಿಷ; ಅಷ್ಟರಲ್ಲೇ ಅದು ಅರ್ಧಕ್ಕಿಳಿಯುತ್ತದೆ. ಆ ಓಟದಲ್ಲಿ ಜೊತೆಯಾಗಲು ಈಗಲೇ ಒಪ್ಪಿರುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಗೆಳೆಯರಿಗೆ ಮುಂಗಡವಾಗಿಯೇ ನಮ್ಮ ವಂದನೆ.