ನಮ್ಮ ಗೇಮಿಂಗ್ ಕಂಪ್ಯೂಟರ್‌ಗಳಲ್ಲಿ ಇನ್ನು ವಿಂಡೋಸ್ ಕೂಡ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಗೇಮಿಂಗ್ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಜೊತೆಗೆ ಬೇರೊಂದು ಸ್ಟೋರೇಜ್ ಡ್ರೈವ್‌ನಲ್ಲಿ (ಎಸ್‌ಎಸ್‌ಡಿ) ವಿಂಡೋಸ್ ಹಾಕಿಕೊಡುತ್ತೇವೆ. ಬೇಡವೆಂದವರಿಗೆ ಹಿಂದಿನಂತೆ ಬರೀ ಲಿನಕ್ಸ್. ಉಳಿದ ಮಾಡೆಲ್‌ಗಳಲ್ಲಿ ಬದಲಾವಣೆ ಇಲ್ಲ. ಇದರಿಂದ ಬೇಸರವಾದವರು ದಯವಿಟ್ಟು ಕ್ಷಮಿಸಿ.

"ಸ್ಟೀಮ್ ಡೆಕ್ ಲಿನಕ್ಸ್ ಮೇಲೇ ಓಡುತ್ತಲ್ಲ, ನಿಮ್ಮ ಕೈಲಿ ಯಾಕಾಗಲ್ಲ?" ಕೈಯಲ್ಲಿ ಹಿಡಿದು ಆಡುವ ವಾಲ್ವ್ ಕಂಪನಿಯ ಆ ಪುಟ್ಟ ಗೇಮಿಂಗ್ ಕಂಪ್ಯೂಟರ್ ತೋರಿಸಿ ಕೇಳುವ ಈ ಮಾತು ಕೇಳಿ ಕೇಳಿ ಸಾಕಾಗಿದೆ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ಸಾಫ್ಟ್‌ವೇರ್ ತಂದ ಮೇಲೆ ವಿಂಡೋಸ್‌ಗೆಂದೇ ಬರೆದ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಆಟಗಳು ಚಿತ್ರ ಮೂಡಿಸಲು ಬಳಸುವ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಅನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸುವ ಆ ಕೆಲಸ ಎಷ್ಟು ಅಚ್ಚುಕಟ್ಟೆಂದರೆ, ಒಬ್ಬರೇ ಕೂತು ಆಡುವ ಆಟಗಳ ಬಗ್ಗೆ ದೂರು ಬರುವುದೇ ಅಪರೂಪ. ತೊಡಕಿರುವುದು ಆನ್‌ಲೈನ್ ಪಂದ್ಯಗಳಲ್ಲಿ. ವ್ಯಾಲೊರಂಟ್ ಆಟದ ಕಾವಲು ಸಾಫ್ಟ್‌ವೇರ್ ವ್ಯಾನ್‌ಗಾರ್ಡ್, ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಡ್ರೈವರ್ ಆಗಿ ಕೂತು ಮೋಸದಾಟ ಹಿಡಿಯುತ್ತದೆ. ಲಿನಕ್ಸ್‌ಗೆ ಅದು ಬಂದೇ ಇಲ್ಲ. ಲಿನಕ್ಸ್ ಕರ್ನಲ್ಲನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ನಾವು ಹೆಮ್ಮೆಪಡುವ ಆ ಸ್ವಾತಂತ್ರ್ಯವನ್ನೇ ಮೋಸದಾಟಕ್ಕೆ ಬಳಸಿಕೊಳ್ಳಬಹುದೆಂದು ಆಟದ ಕಂಪನಿಗಳಿಗೆ ಅನುಮಾನ. ಮೋಸದಾಟ ಹಿಡಿಯುವ ಬೇರೆ ಸಾಫ್ಟ್‌ವೇರ್‌ಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಲ್ಲೇ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟಿವೆ, ಆದರೆ ಅದನ್ನು ಆನ್ ಮಾಡಬೇಕಾದವರು ಆಟ ತಯಾರಿಸಿದವರು. ಏಪೆಕ್ಸ್ ಲೆಜೆಂಡ್ಸ್ ಆಟದವರು ಆನ್ ಮಾಡಿದ್ದರು, 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ಗೆ ಮತ್ತೆ ಬಾಗಿಲು ಹಾಕಿಕೊಂಡರು. ಆ ಬಾಗಿಲು ಸ್ಟೀಮ್ ಡೆಕ್‌ಗೂ ಮುಚ್ಚಿತು.

ಇದರ ಹೊಡೆತ ಬಿದ್ದಿದ್ದು ನಮಗೆ. ಆಟ ತೆರೆದುಕೊಳ್ಳುತ್ತದೆ, ಗೆಳೆಯರ ಹೆಸರೆಲ್ಲ ಕಾಣುತ್ತದೆ, ಪ್ಲೇ ಒತ್ತಿದೊಡನೆ ಹೊರಗೆ ತಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೆಂದು ಕಂಪ್ಯೂಟರ್ ವಾಪಸ್ ಬರುತ್ತದೆ. ಬಿಚ್ಚಿ ನೋಡಿದರೆ ಕಾರ್ಡ್, ರ‍್ಯಾಮ್, ಪವರ್ ಸಪ್ಲೈ ಎಲ್ಲ ನೆಟ್ಟಗಿರುತ್ತದೆ. ಹೋಗಿಬರುವ ಕೊರಿಯರ್ ಖರ್ಚು ನಮ್ಮದು, ಟೆಸ್ಟಿಂಗ್‌ಗೆ ಹಿಡಿದ ದಿನಗಳೂ ನಮ್ಮವೇ. ಇಷ್ಟಾದ ಮೇಲೆ "ವಿಂಡೋಸ್ ಹೆಸರಲ್ಲಿ ದುಡ್ಡು ಹೊಡೀತಿದ್ದಾರೆ" ಅಂದರೆ ನಿಜಕ್ಕೂ ನೋವಾಗುತ್ತದೆ. ಲೈಸೆನ್ಸ್‌ಗೆ ನಾವು ಕೊಟ್ಟಷ್ಟನ್ನೇ ಬಿಲ್‌ನಲ್ಲಿ ಬೇರೆಯಾಗಿ ತೋರಿಸುತ್ತೇವೆ, ಅದರ ಮೇಲೆ ಒಂದು ಪೈಸೆಯನ್ನೂ ಇಟ್ಟುಕೊಳ್ಳುವುದಿಲ್ಲ. ಎರಡನೇ ಎಸ್‌ಎಸ್‌ಡಿಯೂ ಸುಮ್ಮನೆ ಬಿಲ್ ಏರಿಸಲು ಹಾಕಿದ್ದಲ್ಲ. ಎರಡೂ ಒಂದೇ ಡ್ರೈವ್‌ನಲ್ಲಿದ್ದರೆ ವಿಂಡೋಸ್ ಅಪ್‌ಡೇಟ್ ಒಮ್ಮೊಮ್ಮೆ ಲಿನಕ್ಸನ್ನು ಶುರು ಮಾಡುವ ಬೂಟ್ ಲೋಡರನ್ನೇ ಕೆಡಿಸಿಬಿಡುತ್ತದೆ.

ಲಿನಕ್ಸ್ ಸಪೋರ್ಟ್ ನಿಲ್ಲಿಸುವುದಿಲ್ಲ. ಈಗಾಗಲೇ ನಮ್ಮಲ್ಲಿ ಕೊಂಡವರು ಯಾವ ಯಾವ ಆಟ ಆಡುತ್ತೀರೆಂದು ಒಂದು ಸಾಲು ಬರೆದು ಕಳಿಸಿ. ಪಟ್ಟಿ ನೋಡಿ ವಿಂಡೋಸ್ ಬೇಕೋ ಬೇಡವೋ ಹೇಳುತ್ತೇವೆ. ಬೇಡವಾದರೆ ಬೇಡವೆಂದೇ ಹೇಳುತ್ತೇವೆ.

ಇಂತಿ,
ನಿಮ್ಮ ಕಂಪ್ಯೂಟರ್ ಜೋಡಿಸಿದ ತಂಡ