ಬಾವಿಯೊಳಗಿನ ಬಾಗಿಲು

ಬೆಟಗೇರಿ, ಗದಗ

ಪ್ರೀತಿಯ ಅವ್ವಿ,

ಲಕ್ಕುಂಡಿಯ ಮುಸುಕಿನ ಬಾವಿಯನ್ನೇ ಮೈನ್‌ಕ್ರಾಫ್ಟ್ ಆಟದೊಳಗೆ ಒಂದು ಮ್ಯಾಪ್ ಮಾಡಿ, ಒಗಟು ಇಟ್ಟು ಕಟ್ಟಲು ಕೂತಿದ್ದೀಯಂತೆ, ತಮ್ಮ ಹೇಳಿದ. ಫೋನಿನಲ್ಲಿ ಮಾತಾಡೋಣ ಅಂದರೆ ಧಾರವಾಡದ ಹಾಸ್ಟೆಲ್ಲಿನಲ್ಲಿ ನಿನ್ನ ಸುತ್ತ ಗದ್ದಲ, ಇಲ್ಲಿ ಅಂಗಡಿಯಲ್ಲಿ ನನಗೆ ಮೋಟರ್ ಸದ್ದು. ಹೇಳುವುದು ಜಾಸ್ತಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿ ರಜೆಯಲ್ಲಿ ನಾವಿಬ್ಬರೂ ಆಡಿದ ಆ ಪಾಳು ಶಾಲೆಯ ಮ್ಯಾಪ್ ಇನ್ನೂ ನನ್ನ ತಲೆಯಲ್ಲೇ ಕೂತಿದೆ. ಮೈನ್‌ಕ್ರಾಫ್ಟ್ ಅಂದರೆ ಮಕ್ಕಳು ಮನೆ ಕಟ್ಟುವ ಆಟ ಅಂತಷ್ಟೇ ನಾನು ಕೇಳಿದ್ದೆ. ಅದರೊಳಗೆ ಯಾರೋ ಒಬ್ಬರು ಇಡೀ ಶಾಲೆ ಕಟ್ಟಿ, ಮೂಲೆಮೂಲೆಯಲ್ಲೂ ಒಗಟು ಇಟ್ಟು, ಆಡುವವರು ಆಡಲಿ ಅಂತ ಸುಮ್ನೆ ಬಿಟ್ಟುಕೊಟ್ಟಿದ್ದಾರಲ್ಲ, ಅವರ ಮುಖ ಕೂಡ ನಮಗೆ ಗೊತ್ತಿಲ್ಲ. ಆದರೂ ಅವರು ಪಕ್ಕದಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಾರೆ ಅನಿಸುತ್ತಿತ್ತು.

ಆ ಏಳನೇ ತರಗತಿಯ ಕೋಣೆ ನೆನಪಿದೆ ಅಲ್ವಾ? ಒಳಗೆ ಸಾಲಾಗಿ ಕುರ್ಚಿ, ಮುಂದೆ ಮೇಷ್ಟ್ರ ಪುಸ್ತಕಪೀಠ, ಅದರ ಮೇಲೆ ಹಾಜರಿ ಪುಸ್ತಕ. ಪುಟಕ್ಕೊಂದು ದಿನ. ಮೊದಲ ಪುಟದಲ್ಲಿ ತುಂಬಾ ಹೆಸರು, ಮುಂದೆ ಹೋದ ಹಾಗೆ ಒಂದೊಂದೇ ಹೆಸರು ಇಲ್ಲ. ಯಾಕೆ ಅಂತ ಎಲ್ಲೂ ಬರೆದಿಲ್ಲ. ನಾವು ಪಡಸಾಲೆಗೆ ಹೋಗಿ ವಾಪಸ್ ಬಂದಾಗ ಕೋಣೆ ಹಾಗೇ ಇತ್ತು ಅಂದುಕೊಂಡೆ. ನೀನು ನನ್ನ ತೋಳು ಗಟ್ಟಿಯಾಗಿ ಹಿಡಿದೆ. "ಅಪ್ಪಾ, ಒಂದು ಕುರ್ಚಿ ಇಲ್ಲ ನೋಡು" ಅಂದೆ. ನನ್ನ ಮೈ ಜುಮ್ ಎಂದಿತು. ಇನ್ನೊಮ್ಮೆ ಹೊರಗೆ ಹೋಗಿ ಬಂದೆವು, ಮತ್ತೊಂದು ಕುರ್ಚಿ ಮಾಯ. ಕೊನೆಗೆ ನೀನೇ ಕುರ್ಚಿಗಳನ್ನು ಎಣಿಸಿ, ಪುಸ್ತಕದಲ್ಲಿ ಅಷ್ಟೇ ಹೆಸರಿರುವ ಪುಟ ತೆಗೆದೆ. ಕಪ್ಪುಹಲಗೆಯ ಹಿಂದಿನ ಬಾಗಿಲು ತೆರೆದುಕೊಂಡಿತು.

ಆಮೇಲೆ ನಾನು ಒಬ್ಬನೇ ಕೂತು ಅದು ಹೇಗೆ ನಡೆಯಿತು ಅಂತ ಹುಡುಕಿದೆ. ಆ ಪುಸ್ತಕಪೀಠ ಆಟಕ್ಕೆ ಬಂದದ್ದು 2019ರಲ್ಲಿ. ಅದರ ಪಕ್ಕ ಕಂಪ್ಯಾರೇಟರ್ ಅನ್ನುವ ಅಳೆಯುವ ಸಾಧನ ಇಟ್ಟರೆ, ಯಾವ ಪುಟ ತೆರೆದಿದೆ ಅನ್ನುವುದನ್ನು ಅದು ಸಿಗ್ನಲ್ ಮಾಡಿ ಕೊಡುತ್ತದೆ. ಪುಸ್ತಕಕ್ಕೆ 15 ಪುಟ ಇದ್ದರೆ ಪುಟಕ್ಕೊಂದು ಬಲ, 1ರಿಂದ 15ರವರೆಗೆ. ಕುರ್ಚಿ ಮಾಯ ಮಾಡುವುದು, ಬರೆದಿಟ್ಟ ಆಜ್ಞೆ ನಡೆಸುವ ಕಮಾಂಡ್ ಬ್ಲಾಕಿನ ಕೆಲಸ, ಅದು 2012ರಿಂದಲೇ ಇದೆ. ರೆಡ್‌ಸ್ಟೋನ್ ಪುಡಿ ಅಂದರೆ ಆ ಆಟದ ಕರೆಂಟ್ ತಂತಿ ಇದ್ದ ಹಾಗೆ, ಅದರ ಸಿಗ್ನಲ್ ನನಗೆ ಬೇಗ ಅರ್ಥವಾಯಿತು. ದೂರದ ತೋಟದ ಬೋರ್‌ವೆಲ್‌ಗೆ ವೋಲ್ಟೇಜ್ ಇಳಿದ ಹಾಗೆ, ಹೋದ ಹೋದ ಹಾಗೆ ಬಲ ಕಡಿಮೆಯಾಗಿ 15 ಬ್ಲಾಕಿಗೆ ಸತ್ತುಹೋಗುತ್ತದೆ. ನಡುವೆ ಬಲವನ್ನು ಮತ್ತೆ ತುಂಬುವ ರಿಪೀಟರ್ ಇಡಲೇಬೇಕು.

ನನ್ನನ್ನು ಹಿಡಿದದ್ದು ಮಾತ್ರ ಈ ಯಂತ್ರ ಅಲ್ಲ. ಇಡೀ ಶಾಲೆಯಲ್ಲಿ ಒಂದೇ ಒಂದು ದೆವ್ವ ಮೈಮೇಲೆ ಹಾರಲಿಲ್ಲ. ಕತ್ತಲೆ ಜಾಗ ಹತ್ತಿರ ಬಂದಾಗ ಆ ಗುಂಯ್‌ಗುಡುವ ಸದ್ದು ಕೇಳುತ್ತಿತ್ತಲ್ಲ, ಅದು ಆಟವೇ ಹೊರಡಿಸುವ ಸದ್ದು, ಅದರ ಹಿಂದೆ ಯಾವ ಪ್ರಾಣಿಯೂ ಇರುವುದಿಲ್ಲ. ಆದರೂ ನೀನು "ಹಿಂದ ನೋಡಬ್ಯಾಡ ಅಪ್ಪಾ" ಅಂದೆ. ಹೆದರಿಸುವುದನ್ನೆಲ್ಲ ನಮ್ಮ ಮನಸ್ಸೇ ಮಾಡಿಕೊಂಡಿತು. ಕುರ್ಚಿಯೂ ಪುಸ್ತಕವೂ ಮೊದಲಿನಿಂದ ನಮ್ಮ ಕಣ್ಣೆದುರೇ ಇದ್ದವು. ಮಾಡಿದವರು ನಮಗೆ ಮೋಸ ಮಾಡಲಿಲ್ಲ. ಹೆದರಿಕೆಯಾದರೂ ನಾವು ಎದ್ದು ಹೋಗದೆ ಇದ್ದದ್ದು ಆ ನಂಬಿಕೆಯಿಂದಲೇ. ನಿನ್ನ ಬಾವಿಯಲ್ಲೂ ಅದೇ ಬೇಕು ನನಗೆ. ಎಷ್ಟು ಬೇಕಾದರೂ ಹೆದರಿಸು, ಆದರೆ ಆಡುವವರನ್ನು ದಾರಿಯಿಲ್ಲದೆ ನಿಲ್ಲಿಸಬೇಡ.

ಬಾವಿ ಆರಿಸಿಕೊಂಡದ್ದು ನನಗೆ ತುಂಬಾ ಇಷ್ಟವಾಯಿತು. ಲಕ್ಕುಂಡಿ ಅಂದರೆ ಎಲ್ಲರೂ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ನೋಡಿ, ಫೋಟೋ ತೆಗೆದು ಹೋಗುತ್ತಾರೆ. ಮಾಣಿಕೇಶ್ವರ ಗುಡಿಯ ಪಕ್ಕದ ಈ ಬಾವಿಗೆ ಇಳಿದರೆ ಮಾತೇ ಬೇರೆ. ಮೆಟ್ಟಿಲು ಇಳಿಯುತ್ತಾ ಹೋದ ಹಾಗೆ ರಸ್ತೆಯ ಸದ್ದು ಮೇಲೇ ಉಳಿಯುತ್ತದೆ. ಗೋಡೆಯಲ್ಲಿ ಸಣ್ಣ ಸಣ್ಣ ಗುಡಿಗೂಡುಗಳು. ಚಿಕ್ಕವಳಿದ್ದಾಗ ಪ್ರತಿ ಗೂಡಿನೊಳಗೂ ತಲೆ ಹಾಕಿ "ಒಳಗ ಯಾರದಾರ?" ಅಂತ ಕೂಗುತ್ತಿದ್ದೆ. ಆ ಗೂಡುಗಳನ್ನು ಬಿಡಬೇಡ.

ನನಗೆ ಒಂದು ಒಗಟು ಹೊಳೆದಿದೆ. ಗೋಡೆಗೆ ಐಟಂ ಫ್ರೇಮ್, ಅಂದರೆ ವಸ್ತು ಇಟ್ಟು ತೋರಿಸುವ ಚೌಕಟ್ಟು, ಹಾಕಿ ಅದರಲ್ಲಿ ಬಾಣ ಇಟ್ಟರೆ ಅದು 8 ಕಡೆ ತಿರುಗುತ್ತದೆ. ಫ್ರೇಮಿನ ಹಿಂದಿನ ಬ್ಲಾಕಿಗೆ ಕಂಪ್ಯಾರೇಟರ್ ಇಟ್ಟರೆ ತಿರುಗಿಸಿದಷ್ಟಕ್ಕೆ 1ರಿಂದ 8ರವರೆಗೆ ಸಿಗ್ನಲ್. ದಿಕ್ಕುಗಳೂ ಎಂಟೇ! ನಮ್ಮ ಕಡೆಯ ಹಳೇ ಗುಡಿಗಳ ಛತ್ತಿನಲ್ಲಿ ಅಷ್ಟದಿಕ್ಪಾಲಕರನ್ನು ಕೆತ್ತಿರುತ್ತಾರಲ್ಲ, ಪೂರ್ವಕ್ಕೆ ಇಂದ್ರ, ದಕ್ಷಿಣಕ್ಕೆ ಯಮ, ಉತ್ತರಕ್ಕೆ ಕುಬೇರ. ನೀರಿನ ಒಡೆಯ ವರುಣ ಪಶ್ಚಿಮಕ್ಕೆ. ಬಾಣ ವರುಣನ ಕಡೆ ತಿರುಗಿದರೆ ಬಾವಿಯ ತಳದ ಬಾಗಿಲು ತೆರೆಯಲಿ. ಇದು ಗೊತ್ತಿಲ್ಲದವರೂ ಆಡುತ್ತಾರೆ, ಹಾಗಾಗಿ ಮೇಲಿನ ಗುಡಿಯ ಛತ್ತಿನಲ್ಲೇ ಎಂಟೂ ಹೆಸರು ಬರೆದುಬಿಡು. ಯಾರೂ ತಲೆ ಎತ್ತಿ ನೋಡುವುದಿಲ್ಲ, ಆದರೆ ಇದ್ದೇ ಇರುತ್ತದೆ. ಫ್ರೇಮಿನ ಮೇಲ್ಗಡೆ ಉತ್ತರ ದಿಕ್ಕು ಅಂತಲೂ ಒಂದು ಗುರುತಿರಲಿ. ಬಾಣದ ಚಿತ್ರ ಮೊದಲೇ ಓರೆಯಾಗಿರುತ್ತದೆ, ತಿರುಗಿಸಿ ನೋಡಿಯೇ ಲೆಕ್ಕ ಹಾಕು.

ಕೆಳಗೆ ಪೂರ್ತಿ ಕತ್ತಲೆ ಮಾಡಬೇಡ. 2021ರ 1.18 ಆವೃತ್ತಿಯಿಂದ ಬೆಳಕಿನ ಮಟ್ಟ 0 ಇರುವಲ್ಲಿ ಮಾತ್ರ ಜೋಂಬಿಗಳು ಹುಟ್ಟುತ್ತವೆ. ಒಂದು ಜೋಂಬಿ ಬಂದರೆ ಅಲ್ಲಿಗೆ ಹೆದರಿಕೆ ಹೋಗಿ ಬರೀ ಹೊಡೆದಾಟ ಆಗುತ್ತದೆ. ಒಂದೇ ಮೇಣದಬತ್ತಿ ಹಚ್ಚಿದರೆ ಬೆಳಕು 3. ಗೂಡಿಗೊಂದು ಇಟ್ಟರೆ ಸಾಕು, ಗೋಡೆಯೂ ಕಾಣುತ್ತದೆ, ಎದೆಯೂ ಡವಡವ ಅನ್ನುತ್ತದೆ. ಹಾಂ, ನೀರು ಹರಿದ ಕಡೆ ರೆಡ್‌ಸ್ಟೋನ್ ಪುಡಿ ಕೊಚ್ಚಿಕೊಂಡು ಹೋಗುತ್ತದೆ. ಸರ್ಕ್ಯೂಟನ್ನೆಲ್ಲ ಗೋಡೆಯ ಹಿಂದೆ, ಒಣ ಜಾಗದಲ್ಲಿ ಹಾಯಿಸು.

ತಳದ ಕೋಣೆ ಮುಗಿದ ಕೂಡಲೇ ವರ್ಲ್ಡ್ ಫೋಲ್ಡರ್ ಝಿಪ್ ಮಾಡಿ ಕಳಿಸು. ಒಗಟುಗಳ ಉತ್ತರ ಹೇಳಬೇಡ. ಈ ಪತ್ರ ತಮ್ಮನಿಗೆ ತೋರಿಸಿಲ್ಲ, ಮೊದಲು ಅವನನ್ನೇ ಆಡಲು ಕೂರಿಸುತ್ತೇನೆ. ನಾನು ಪಕ್ಕದಲ್ಲಿ ಕೂತು, ಅವನು ಎಲ್ಲಿ ತಡವರಿಸಿದ, ಎಲ್ಲಿ ತಲೆ ಎತ್ತಿ ನೋಡಲಿಲ್ಲ, ಎಲ್ಲಿ ನನ್ನ ಕಡೆ ಸರಿದು ಕೂತ ಅಂತ ಎಲ್ಲಾ ಬರೆದು ಕಳಿಸುತ್ತೇನೆ. ಅವ್ವ ಚೂಡಾ ಮಾಡಿಟ್ಟಿದ್ದಾಳೆ, ಶನಿವಾರ ಧಾರವಾಡಕ್ಕೆ ಬರುವವರ ಕೈಯಲ್ಲಿ ಕಳಿಸುತ್ತೇವೆ.

ನಿನ್ನ
ಅಪ್ಪ