ಸಮಾಧಾನದ ಕೈ ಸಡಿಲವಾಗದಿರಲಿ

ಮಾನ್ಯ ಸಂಪಾದಕರೇ,

ನಮ್ಮ ಕ್ರೈಸ್ತ ಸಭೆಗಳಲ್ಲಿ ಈಚೆಗೆ ಆರಾಧನೆಯ ವಿಷಯವಾಗಿ ನಡೆಯುತ್ತಿರುವ ವಾದವೆಲ್ಲ ಹಾಡು, ವಾದ್ಯ ಮತ್ತು ಧ್ವನಿವರ್ಧಕಗಳ ಸುತ್ತಲೇ ತಿರುಗುತ್ತಿದೆ. ಭಾನುವಾರದ ಕ್ರಮಬದ್ಧ ಆರಾಧನೆಯಲ್ಲಿ ದೇವರ ಪ್ರೀತಿ ತಮ್ಮ ಅನುಭವಕ್ಕೆ ಬರುತ್ತಿಲ್ಲವೆಂದು ಹೇಳಿ ಯುವಕರು ಬೇರೆ ಕೂಟಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಕೀಬೋರ್ಡು, ಡ್ರಮ್ಸ್‌ಗಳ ಅಬ್ಬರದಲ್ಲಿ ಬರುವ ಕಣ್ಣೀರು ಭಕ್ತಿಯಲ್ಲ, ಬರೀ ಆವೇಶ ಎಂದು ಹಿರಿಯರು ಅವರನ್ನು ತಳ್ಳಿಹಾಕುತ್ತಿದ್ದಾರೆ. ಕಣ್ಣು ಮುಚ್ಚಿ ಒಬ್ಬೊಬ್ಬರೇ ಅನುಭವಿಸುವುದಷ್ಟೇ ದೇವರ ಪ್ರೀತಿಯಾಗಿದ್ದರೆ ಸಭೆ ಕೂಡುವ ಅಗತ್ಯವೇ ಇರಲಿಲ್ಲ, ಮನೆಯ ಕೋಣೆಯೇ ಸಾಕಾಗುತ್ತಿತ್ತು ಎಂಬುದನ್ನು ಮಾತ್ರ ಎರಡೂ ಕಡೆಯವರು ಮರೆತಂತಿದೆ. ಆ ಪ್ರೀತಿ ಪಕ್ಕದವರ ಮೂಲಕ ನಮ್ಮನ್ನು ಮುಟ್ಟುವುದಕ್ಕೆಂದೇ ಆರಾಧನೆಯಲ್ಲಿ ಒಂದು ವಿಧಿಯಿದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪವಿತ್ರ ಭೋಜನದ ದಿನ ಪಕ್ಕದವರ ಕೈ ಹಿಡಿದು ಒಬ್ಬರಿಗೊಬ್ಬರು ದೇವರ ಸಮಾಧಾನವನ್ನು ಹಂಚಿಕೊಳ್ಳುವ ಆ ವಿಧಿ ನಮ್ಮ ಕಣ್ಣೆದುರೇ ಸೊರಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ರಾಗದ ಜಗಳ ಹೊಸದೇನೂ ಅಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಇಲ್ಲಿನ ಸಭೆಗಳಲ್ಲಿ ಕನ್ನಡದ ಸಾಹಿತ್ಯಕ್ಕೆ ಜರ್ಮನ್ ಧಾಟಿಗಳು ಕೂಡಿಕೊಂಡವು. ಅದೇ ಮಿಷನ್ನಿನ ಕಿಟೆಲ್ಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿಕೊಟ್ಟರು. ಇಂದು ಹಿರಿಯರು ‘ನಮ್ಮ ಹಳೆಯ ಕೀರ್ತನೆ’ ಎಂದು ಕಣ್ತುಂಬಿ ಹಾಡುವ ಧಾಟಿಗಳೂ ಒಂದು ಕಾಲಕ್ಕೆ ಇಲ್ಲಿನ ಕಿವಿಗೆ ಹೊಸತೇ ಆಗಿದ್ದವು. ಆದ್ದರಿಂದ ಗಿಟಾರಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. (ಅದನ್ನು ಶ್ರುತಿ ಮಾಡಿಕೊಂಡು ಬಂದರೆ ಇನ್ನೂ ಸಂತೋಷ.)

ಸಮಾಧಾನದ ವಿಧಿ ಸಭೆಯಷ್ಟೇ ಹಳೆಯದು. ಪವಿತ್ರವಾದ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಬೇಕೆಂದು ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ. ಪ್ರಾರ್ಥನೆ ಮುಗಿದ ಮೇಲೆ, ರೊಟ್ಟಿ ಮತ್ತು ಪಾತ್ರೆಯನ್ನು ತರುವುದಕ್ಕೆ ಮೊದಲು, ಕ್ರೈಸ್ತರು ಹೀಗೆ ವಂದಿಸಿಕೊಳ್ಳುತ್ತಿದ್ದರೆಂದು ಎರಡನೆಯ ಶತಮಾನದ ನಡುಭಾಗದಲ್ಲಿ ಹುತಾತ್ಮ ಜಸ್ಟಿನ್ ದಾಖಲಿಸಿದ್ದಾನೆ. ಕಾಲಾಂತರದಲ್ಲಿ ಪಶ್ಚಿಮದ ಸಭೆಗಳಲ್ಲಿ ಇದು ಯಾಜಕರ ನಡುವಿನ ಶಿಷ್ಟಾಚಾರವಾಗಿ ಕುಗ್ಗಿತು. ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸಭೆಗಳು ಹುಟ್ಟಿಕೊಂಡ ಸುಧಾರಣೆಯ ನಂತರದ ಹಲವು ಆರಾಧನಾಕ್ರಮಗಳಲ್ಲಿ ಅದೂ ಉಳಿಯಲಿಲ್ಲ. ಆದರೆ ಕೇರಳದ ಸಿರಿಯನ್ ಕ್ರೈಸ್ತರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಉಳಿಸಿಕೊಂಡಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಅದಕ್ಕೆ ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ನಮ್ಮ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಸ್ಥಾಪನೆಯಾಯಿತು. ಆ ಸಭೆ 1950ರಲ್ಲಿ ರೂಪಿಸಿದ ಪವಿತ್ರ ಭೋಜನದ ಕ್ರಮವು ಈ ವಿಧಿಯನ್ನು ಸಿರಿಯನ್ ಪರಂಪರೆಯಿಂದ ಪಡೆದುಕೊಂಡು, ಬೆಂಚಿನಲ್ಲಿ ಕೂತ ಸಾಮಾನ್ಯ ಭಕ್ತರಿಗೆ ಒಪ್ಪಿಸಿತು. ಮುಂದೆ ಲೋಕದ ಬೇರೆ ಬೇರೆ ಸಭೆಗಳು ಹೊಸ ಆರಾಧನಾಕ್ರಮಗಳನ್ನು ಬರೆದಾಗ ಈ ಮಾದರಿಯ ಪ್ರಭಾವ ಅವುಗಳ ಮೇಲೂ ಬಿತ್ತು. ದಕ್ಷಿಣ ಭಾರತವು ಹೀಗೆ ಹೊರಗಿನವರಿಗೆ ಕೊಟ್ಟದ್ದನ್ನು ದಕ್ಷಿಣ ಭಾರತದವರಾದ ನಾವೇ ಕೈಬಿಡುತ್ತಿರುವುದು ನನಗೆ ಸೋಜಿಗವೆನಿಸುತ್ತದೆ.

ಕಥೋಲಿಕ ಬಂಧುಗಳ ಬಲಿಪೂಜೆಯಲ್ಲಿಯೂ ಇದಕ್ಕೆ ಸ್ಥಾನವಿದೆ. ಕಥೋಲಿಕ ಆರಾಧನೆಯ ಸುಧಾರಣೆಗೆ ದಾರಿ ಮಾಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಪೂಜಾವಿಧಿಗಾಗಿ ರೋಮ್ ಅಂಗೀಕರಿಸಿದ ಹನ್ನೆರಡು ಅಂಶಗಳಲ್ಲಿ ಒಂದು ಇದಕ್ಕೇ ಸಂಬಂಧಿಸಿದ್ದು. ಕೈಜೋಡಿಸಿ ನಮಸ್ಕರಿಸಿಯಾದರೂ, ಕೊಡುವವರ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇರಿಸಿಯಾದರೂ ಸಮಾಧಾನವನ್ನು ಹಂಚಿಕೊಳ್ಳಬಹುದೆಂದು ಅದು ಹೇಳುತ್ತದೆ.

ನಮ್ಮಲ್ಲಿ ಅದನ್ನು ಮಾಡುವ ಬಗೆ ಹೀಗೆ: ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಸೇರಿಸುತ್ತಾರೆ, ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮುಚ್ಚುತ್ತಾರೆ. ಮೇಜಿನ ಬಳಿ ನಿಂತ ಸಭಾಪಾಲಕರಿಂದ ಹೊರಟದ್ದು ಸಾಲಿನಿಂದ ಸಾಲಿಗೆ ದಾಟುತ್ತ ಬಾಗಿಲ ಬಳಿಯ ಕೊನೆಯ ಬೆಂಚಿಗೆ ಬಂದು ಮುಟ್ಟುತ್ತದೆ. ಮಕ್ಕಳೆಲ್ಲ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ, ವಾರವಿಡೀ ಒಂಟಿಯಾಗಿ ಮನೆಯಲ್ಲಿರುವ ವೃದ್ಧೆಯೊಬ್ಬರು ನಮ್ಮ ಸಭೆಯಲ್ಲಿ ಆ ಬೆಂಚಿನಲ್ಲಿ ಕೂರುತ್ತಾರೆ. ಸಮಾಧಾನ ತಮ್ಮ ಸಾಲಿಗೆ ಬರುವ ಮೊದಲೇ ಅವರು ಕೋಲನ್ನು ಬೆಂಚಿಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ. ಪ್ರಸಂಗದ ವಿಷಯವೇನೆಂದು ಕೇಳಿದರೆ ಅವರಿಗೆ ನೆನಪಿರುವುದಿಲ್ಲ, ಕಿವಿ ಮಂದ. ಅವರಿಗೆ ದೇವರ ಪ್ರೀತಿಯ ಅನುಭವ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೂ ಒಂದು ಸಂಗತಿಯಿದೆ. ಮೈ ಮುಟ್ಟಿದರೆ ಮೈಲಿಗೆ ಎಂದು ನಂಬಿದ್ದ, ಕೆಲವು ಕಡೆ ಇಂದಿಗೂ ನಂಬುವ ನಾಡು ನಮ್ಮದು. ಬೇರೆ ಬೇರೆ ಕೇರಿಗಳಿಂದ ಬಂದವರು ಸೇರಿ ಆದ ಸಭೆಗಳು ನಮ್ಮವು. ಜಾತಿ ಚರ್ಚಿನ ಬಾಗಿಲಲ್ಲೇ ಉಳಿಯಿತೆಂದು ಹೇಳಿಕೊಳ್ಳುವುದು ಆತ್ಮವಂಚನೆಯಾದೀತು. ಮದುವೆಯ ಮಾತುಕತೆಯಲ್ಲೂ ಸಭೆಯ ಚುನಾವಣೆಯಲ್ಲೂ ಅದು ಹೇಗೆ ತಲೆಯೆತ್ತುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಅಂಥಲ್ಲಿ ಯಾರ ಕೈ ಯಾರ ಕೈಗೆ ಸೇರಬೇಕೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ, ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಯನ್ನೇ ಹಿಡಿಯಿರಿ ಎಂದು ಹೇಳುವ ವಿಧಿಯೊಂದು ಆರಾಧನೆಯ ನಡುವೆಯೇ ಇರುವುದು ಸಣ್ಣ ಮಾತಲ್ಲ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿಯ ಜಾಗ ಎಂದು ಭೇದ ಮಾಡುವ ಸಭೆಯನ್ನು ಯಾಕೋಬನ ಪತ್ರಿಕೆ ಖಂಡಿಸುವುದನ್ನು ಓದುತ್ತೇವೆ. ಆ ಬೋಧನೆಯನ್ನು ಕೈಯಾರೆ ಪಾಲಿಸುವ ಗಳಿಗೆ ಇದು.

ನಮ್ಮ ಕ್ರಮದಲ್ಲಿ ಈ ವಿಧಿ ಕಾಣಿಕೆಗೆ ಮುಂಚೆ ಬರುವುದಕ್ಕೂ ಕಾರಣವಿದೆ. ಯಜ್ಞವೇದಿಯ ಬಳಿ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗು ಎಂಬುದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿರುವ ಯೇಸುಸ್ವಾಮಿಯ ಮಾತು. ಆಸ್ತಿಯನ್ನೆಲ್ಲ ಹಾಳುಮಾಡಿ ಮರಳಿದ ಕಿರಿಯ ಮಗನಿಗೆ ತಂದೆ ಔತಣ ಮಾಡಿಸಿದ, ಯೇಸು ಹೇಳಿದ ದುಂದುಗಾರ ಮಗನ ಸಾಮ್ಯದಲ್ಲಿಯೂ ಹಿರಿಯ ಮಗನ ಕಿವಿಗೆ ವಾದ್ಯ, ನರ್ತನಗಳ ಸದ್ದು ಹೊಲದಿಂದ ಬರುವಾಗಲೇ ಬೀಳುತ್ತದೆ. ಅವನು ಒಳಗೆ ಹೋಗದಿರುವುದು ಸಂಗೀತ ಹಿಡಿಸದೆ ಅಲ್ಲ, ತಮ್ಮನು ಒಳಗಿದ್ದಾನೆಂಬ ಸಿಟ್ಟಿಗೆ. ಆರಾಧನೆಯಲ್ಲಿ ಏನೂ ಅನ್ನಿಸುತ್ತಿಲ್ಲ ಎನ್ನುವವರು, ಅವರು ಕಿರಿಯರಿರಲಿ ಹಿರಿಯರಿರಲಿ, ತಾವು ಯಾರೊಡನೆ ಮಾತು ಬಿಟ್ಟಿದ್ದೇವೆಂದು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

2020ರಲ್ಲಿ ಕೊರೋನಾ ಬಂದಾಗ ಕೈ ಹಿಡಿಯುವುದು ನಿಂತಿತು. ಆಗ ದೂರ ನಿಲ್ಲುವುದೇ ಪ್ರೀತಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆ ಹೋದರೂ ಕೆಲವು ಸಭೆಗಳಲ್ಲಿ ಹಳೆಯ ವಿಧಿ ಮರಳಲಿಲ್ಲ. ಸಮಯ ಉಳಿಯುತ್ತದೆಂಬ ಕಾರಣಕ್ಕೋ ಏನೋ, ಸಭಾಪಾಲಕರು ವಾಕ್ಯ ಹೇಳುತ್ತಾರೆ, ಜನರು ನಿಂತಲ್ಲಿಂದಲೇ ತಲೆಯಾಡಿಸುತ್ತಾರೆ, ಅಷ್ಟರಲ್ಲಿ ಗಾಯನ ಮಂಡಳಿ ಕಾಣಿಕೆಯ ಕೀರ್ತನೆ ಎತ್ತಿಕೊಂಡಾಗಿರುತ್ತದೆ. ಹಾಡಿನ ಅಭ್ಯಾಸಕ್ಕೆ ಶನಿವಾರದ ಸಂಜೆಯನ್ನೆಲ್ಲ ಕೊಡುವ ನಮಗೆ ಇದಕ್ಕೆ ಐದು ನಿಮಿಷ ಹೆಚ್ಚಾಗುತ್ತದೆ.

ಇದೂ ಒಂದು ಒಣ ಆಚಾರವಾಗಬಹುದಲ್ಲವೇ ಎಂದು ಕೇಳುವವರಿದ್ದಾರೆ. ಆಗಬಹುದು, ಆಸ್ತಿ ಪಾಲಿನ ದಾವೆ ಹೂಡಿಕೊಂಡ ಅಣ್ಣತಮ್ಮಂದಿರು ಆ ಹೊತ್ತಿಗೆ ಸರಿಯಾಗಿ ಬೇರೆ ಬೇರೆ ಕಡೆ ತಿರುಗಿ ಕೈಕೊಡುವುದನ್ನು ನಾವೆಲ್ಲ ಕಂಡವರೇ. ಆದರೂ ತಿರುಗಿ ನಿಲ್ಲಬೇಕಾಗಿ ಬಂತಲ್ಲ, ಆ ಮುಜುಗರಕ್ಕೂ ಒಂದು ಬೆಲೆಯಿದೆ. ವಿಧಿಯನ್ನೇ ತೆಗೆದುಬಿಟ್ಟರೆ ಅವರು ನೆಮ್ಮದಿಯಾಗಿ ಕೂತು, ನೆಮ್ಮದಿಯಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಸ್ತ್ರೀಪುರುಷರು ಪರಸ್ಪರ ಕೈ ಹಿಡಿಯಲು ಸಂಕೋಚವಿರುವ ಕಡೆ ಕೈಜೋಡಿಸಿ ನಮಸ್ಕರಿಸಿದರೂ ಸಾಕು, ಆದರೆ ಮುಖ ನೋಡಿ ನಮಸ್ಕರಿಸಲಿ.

ಈ ವಿಧಿ ನಿಂತುಹೋಗಿರುವ ಕಡೆ ಸಭಾಪಾಲಕರೂ ಸಭಾ ಸಮಿತಿಯವರೂ ಮುಂದಿನ ಪವಿತ್ರ ಭೋಜನದ ದಿನದಿಂದಲೇ ಅದನ್ನು ಪೂರ್ಣವಾಗಿ ನಡೆಸಲಿ. ಅದು ಕೊನೆಯ ಬೆಂಚನ್ನು ಮುಟ್ಟುವವರೆಗೆ ಗಾಯನ ಮಂಡಳಿಯವರು ತಡೆಯಲಿ. ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಗೊಳಿಸುವ ದೃಢೀಕರಣದ ತರಗತಿಗಳಲ್ಲಿ ಮಕ್ಕಳಿಗೆ ಅದರ ಅರ್ಥವನ್ನೂ ಕೈಹಿಡಿಯುವ ಬಗೆಯನ್ನೂ ಕಲಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿ.ಎಸ್.ಐ. ಸಭೆಯ ಒಬ್ಬ ಸದಸ್ಯ,
ಮಂಗಳೂರು